ಉಪ್ಪು ನೀರಿನ ಊರಲ್ಲಿ ಚೆಂದ ಕಾಣೋದು

ಮಲೆನಾಡಿನ ಸಾಗರದಿಂದ ಕೋಲಾರಕ್ಕೆ ಮದುವೆಯಾಗಿ ಬಂದ ಮೂರನೇ ತಿಂಗಳಿಗೆ ನನ್ನ ಕೂದಲು ತೆಂಗಿನ ನಾರಾಗಿತ್ತು. ಬಾಚಣಿಗೆ ಅರ್ಧ ದಾರಿಯಲ್ಲೇ ನಿಂತುಬಿಡುತ್ತಿತ್ತು. ಸ್ನಾನ ಮುಗಿಸಿ ಬಂದರೆ ಮೈ ಎಳೆದು ಕಟ್ಟಿದ ಹಾಗೆ, ಮೊಣಕೈ ಮೇಲೆ ಬೂದಿ ಬಳಿದ ಹಾಗೆ. ಒಂದಾದ ಮೇಲೆ ಒಂದು ಮೂರು ಶಾಂಪೂ ಬದಲಾಯಿಸಿದೆ. ನಾಲ್ಕನೆಯದಕ್ಕೆ ದುಡ್ಡು ಎಣಿಸುತ್ತಿದ್ದಾಗ ಅತ್ತೆ ನನ್ನನ್ನು ಬಚ್ಚಲಿಗೆ ಕರೆದರು.

"ಶಾಂಪೂ ಏನ್ ಮಾಡ್ತದಮ್ಮ? ಮೊದ್ಲು ನೀರು ನೋಡು."

ನೀಲಿ ಬಕೆಟ್ಟನ್ನು ಬೋರಲು ಹಾಕಿ ಆಮೇಲೆ ಒಳಗಡೆ ತೋರಿಸಿದರು. ತಳದಲ್ಲಿ ಬಿಳಿ ಚಕ್ಕೆ ಕಟ್ಟಿತ್ತು. ಉಗುರಿನಿಂದ ಕೆರೆದೆ, ಪುಡಿಪುಡಿಯಾಗಿ ಬಂತು. ನಲ್ಲಿಯ ಬಾಯಿಗೂ ಅದೇ, ಕನ್ನಡಿ ಮೇಲಿನ ಹನಿ ಗುರುತೂ ಅದೇ. ಗೀಸರ್ ರಿಪೇರಿಗೆ ಬಂದ ಹುಡುಗ ಒಳಗಿನ ಕಾಯಿಲ್ ತೆಗೆದು ತೋರಿಸಿದಾಗ ಅದು ಸುಣ್ಣ ಬಳಿದ ಜಿಲೇಬಿ ತರಹ ಇತ್ತು.

ಅದು ಹೆಚ್ಚುಕಮ್ಮಿ ಸುಣ್ಣದ ಕಲ್ಲೇ. ಕೋಲಾರದ ಕಡೆ ವರ್ಷಪೂರ್ತಿ ಹರಿಯುವ ನದಿ ಇಲ್ಲ. ಕುಡಿಯೋದಕ್ಕೂ ತೊಳೆಯೋದಕ್ಕೂ ನಂಬಿರೋದು ಬೋರು, ಅದೂ ಎಷ್ಟೋ ಕಡೆ ಸಾವಿರ ಅಡಿ ದಾಟಿದೆ. ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ಕೂತ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಂಡು ಮೇಲೆ ಬರುತ್ತದೆ. ಪುಸ್ತಕದಲ್ಲಿ ಗಡಸು ನೀರು, ನಮ್ಮ ಬಾಯಲ್ಲಿ ಉಪ್ಪು ನೀರು. ಕುಡಿಯುವ ನೀರಿನಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಪರವಾಗಿಲ್ಲ ಅನ್ನುತ್ತದೆ ಭಾರತೀಯ ಮಾನಕ. ಅಂಗಡಿಯಲ್ಲಿ ಸಿಗುವ ಪೆನ್ನಿನಂಥ ಟಿಡಿಎಸ್ ಮೀಟರ್ ಈ ಗಡಸುತನವನ್ನು ಅಳೆಯೋದಿಲ್ಲ, ಕರಗಿದ ಎಲ್ಲ ಲವಣಗಳನ್ನೂ ಸೇರಿಸಿ ಒಂದು ಲೆಕ್ಕ ಕೊಡುತ್ತದೆ ಅಷ್ಟೆ. ಅದಕ್ಕಿಂತ ಸುಲಭದ ಪರೀಕ್ಷೆ ಮನೆಯಲ್ಲೇ ಇದೆ. ಎರಡು ಖಾಲಿ ಬಾಟಲಿ ತಗೊಳ್ಳಿ. ಒಂದಕ್ಕೆ ಬೋರ್ ನೀರು, ಇನ್ನೊಂದಕ್ಕೆ ಕ್ಯಾನ್ ನೀರು, ಕಾಲು ಭಾಗ ಸಾಕು. ಎರಡಕ್ಕೂ ಒಂದೇ ಅಳತೆಯ ಸೋಪಿನ ಚೂರು ಹಾಕಿ ಜೋರಾಗಿ ಕುಲುಕಿ. ಕ್ಯಾನ್ ನೀರಿನಲ್ಲಿ ನೊರೆ ಕುತ್ತಿಗೆವರೆಗೆ ಏರುತ್ತದೆ. ಬೋರ್ ನೀರು ಮಜ್ಜಿಗೆಯ ಹಾಗೆ ಕದಡುತ್ತದೆ, ಮೇಲೆ ಬೂದು ಕೆನೆ ತೇಲುತ್ತದೆ.

ಆ ಬೂದು ಕೆನೆಯಲ್ಲೇ ಇರೋದು ವಿಷಯ. ಸೋಪು ಎಣ್ಣೆ ಮತ್ತು ಕ್ಷಾರದಿಂದ ಆದದ್ದು. ನೀರಿನ ಕ್ಯಾಲ್ಸಿಯಂ ಸಿಕ್ಕಿದ ತಕ್ಷಣ ಅದನ್ನು ಹಿಡಿದುಕೊಂಡು, ನೀರಲ್ಲಿ ಕರಗದ ಜಿಡ್ಡಾಗಿಬಿಡುತ್ತದೆ. ಆ ಜಿಡ್ಡು ಕೂದಲಿನ ಎಳೆ ಎಳೆಗೂ ಅಂಟುತ್ತದೆ, ಚರ್ಮಕ್ಕೂ ಅಂಟುತ್ತದೆ. ಜೊತೆಗೆ ಸೋಪಿನ ಪಿಎಚ್, ಅಂದ್ರೆ ಹುಳಿ-ಕ್ಷಾರದ ಅಳತೆ, 9ರಿಂದ 10. ನಮ್ಮ ಚರ್ಮ ಸ್ವಲ್ಪ ಹುಳಿ, ಸುಮಾರು 5. ಜಿಡ್ಡೂ ಉಳಿಯಿತು, ಕ್ಷಾರವೂ ಉಳಿಯಿತು ಅಂದ್ರೆ ಚರ್ಮದ ಮೇಲ್ಪದರ ತನ್ನ ತೇವ ಹಿಡಿದಿಟ್ಟುಕೊಳ್ಳೋದಕ್ಕೆ ಆಗೋದಿಲ್ಲ. ಬಿರುಸು, ನವೆ, ಬೂದಿ ಬಣ್ಣ. ಅದನ್ನು ನೋಡಿ ನಾವು "ಕಪ್ಪಗಾದೆ" ಅಂದುಕೊಂಡು ಇನ್ನೂ ಜಾಸ್ತಿ ಸೋಪು ಉಜ್ಜುತ್ತೇವೆ.

ಇಲ್ಲಿ ಒಂದು ಭಯ ಬಿಡಿಸಬೇಕು. ಬೋರ್ ನೀರಿನಿಂದ ತಲೆ ಬೋಳಾಗುತ್ತದೆ ಅಂತ ಊರೆಲ್ಲ ಹೇಳುತ್ತಾರೆ. ಹಾಗಾಗೋದಿಲ್ಲ. ಈ ನೀರು ಕೂದಲನ್ನು ಒರಟು ಮಾಡುತ್ತದೆ, ಬಾಚುವಾಗ ನಡುವೆ ತುಂಡಾಗುವಂತೆ ಮಾಡುತ್ತದೆ. ಬೇರಿನ ಕೆಲಸ ಬೇರೆ. ದಿನಕ್ಕೆ 50ರಿಂದ 100 ಕೂದಲು ಬುಡಸಮೇತ ಉದುರೋದು ಎಲ್ಲರಿಗೂ ಸಹಜ. ಬಿದ್ದ ಕೂದಲಿನ ಒಂದು ತುದಿಯಲ್ಲಿ ಚಿಕ್ಕ ಬಿಳಿ ಗುಂಡು ಇದ್ದರೆ ಅದು ಬೇರಿನಿಂದ ಬಂದದ್ದು. ಗುಂಡಿಲ್ಲದ ಗಿಡ್ಡ ತುಂಡುಗಳೇ ಜಾಸ್ತಿ ಇದ್ದರೆ ನೀರನ್ನೂ ಬಾಚಣಿಗೆಯನ್ನೂ ಅನುಮಾನಿಸಿ. ಗಂಡಸರಿಗೆ ಹಣೆಯ ಎರಡು ಮೂಲೆ ಮತ್ತು ನೆತ್ತಿ ಖಾಲಿಯಾಗುತ್ತಾ ಬಂದರೆ ಅದು ವಂಶದ ಕೊಡುಗೆ. ಕ್ಯಾನ್ ನೀರಿನಲ್ಲಿ ತಲೆ ತೊಳೆದರೂ ನಿಲ್ಲೋದಿಲ್ಲ, ಡಾಕ್ಟರ ಹತ್ತಿರ ಮಿನಾಕ್ಸಿಡಿಲ್ ಅನ್ನೋ ಔಷಧಿ ಬಗ್ಗೆ ಕೇಳಬೇಕಾಗುತ್ತದೆ.

ಹಾಗಾದ್ರೆ ಮಾಡೋದೇನು? ಅತ್ತೆ ಕೊಟ್ಟದ್ದು ಸೀಗೆಕಾಯಿ. ನಾನು ನಕ್ಕಿದ್ದೆ, ಹಳೇ ಕಾಲದ್ದು ಅಂತ. ಆಮೇಲೆ ಯೋಚಿಸಿದರೆ ಅದರಲ್ಲಿ ಲೆಕ್ಕ ಇದೆ. ಸೀಗೆ ಮತ್ತು ಅಂಟುವಾಳದ ನೊರೆ ಬರೋದು ಸ್ಯಾಪೋನಿನ್ ಅನ್ನೋ ವಸ್ತುವಿನಿಂದ. ಅದು ಸೋಪಿನ ಜಾತಿಯದಲ್ಲ, ಕ್ಯಾಲ್ಸಿಯಂ ಜೊತೆ ಸೇರಿ ಜಿಡ್ಡಾಗೋದಿಲ್ಲ. ಸೀಗೆ ನೀರು ಸ್ವಲ್ಪ ಹುಳಿ ಕೂಡ. ಉಪ್ಪು ನೀರಿನ ಸೀಮೆಗೆ ಹೇಳಿ ಮಾಡಿಸಿದ್ದು. ಆದರೆ ಪುಡಿ ಕಣ್ಣಿಗೆ ಬಿದ್ದರೆ ಆ ದಿನದ ಕಥೆ ಮುಗಿಯಿತು, ಬೆಳಗ್ಗೆ ಏಳಕ್ಕೆ ಬಸ್ಸು ಹಿಡಿಯುವವರಿಗೆ ಅದು ಆಗಿಬರುವ ಕೆಲಸವೂ ಅಲ್ಲ. ಅಂಥವರಿಗೆ ಶಾಂಪೂವೇ ಸರಿ. ಅದರ ನೊರೆ ಇಲ್ಲಿ ಕಮ್ಮಿಯಾದರೂ ಸೋಪಿನ ಥರ ಜಿಡ್ಡು ಬಿಡೋದಿಲ್ಲ. ಬಾಟಲಿ ಹಿಂದೆ 'ಇಡಿಟಿಎ' ಅಂತ ಇದ್ದರೆ ಒಳ್ಳೆಯದು, ಅದು ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುವ ವಸ್ತು. ತಲೆಗೆ ಮೈಸೋಪು ಹಾಕೋದನ್ನು ಮಾತ್ರ ಇವತ್ತೇ ಬಿಡಿ. ನಮ್ಮೂರ ಗಂಡಸರಲ್ಲಿ ಅರ್ಧಕ್ಕರ್ಧ ಜನ ಒಂದೇ ಸೋಪಿನಲ್ಲಿ ತಲೆಯಿಂದ ಕಾಲಿನವರೆಗೆ ಮುಗಿಸುತ್ತಾರೆ, ಆಮೇಲೆ ಕೂದಲು ನಿಲ್ಲೋದಿಲ್ಲ ಅಂತ ಜೆಲ್ ಹಚ್ಚುತ್ತಾರೆ.

ನಾನು ಕಂಡುಕೊಂಡ ಅತಿ ಅಗ್ಗದ ಉಪಾಯ ಕೊನೇ ಚೊಂಬು. ಸ್ನಾನವೆಲ್ಲ ಬೋರ್ ನೀರಿನಲ್ಲೇ ಆಗಲಿ. ಕೊನೆಗೆ ತಲೆಗೆ ಎರಡು, ಮುಖಕ್ಕೆ ಒಂದು ಚೊಂಬು ಶುದ್ಧ ನೀರಿನ ಘಟಕದ ಕ್ಯಾನ್ ನೀರು. ನಮ್ಮ ಬೀದಿಯ ಘಟಕದಲ್ಲಿ ಐದು ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್, ಅಂದ್ರೆ ಮೂರು ಲೀಟರಿಗೆ ಒಂದು ರೂಪಾಯಿಯೂ ಆಗೋದಿಲ್ಲ. ವಾರಕ್ಕೊಮ್ಮೆ ಒಂದು ಚೊಂಬಿಗೆ ಅರ್ಧ ನಿಂಬೆ ಹಿಂಡಿ ತಲೆಗೆ ಸುರಿದು ಮತ್ತೆ ತೊಳೆದರೆ ಅಂಟಿದ ಸುಣ್ಣ ಸ್ವಲ್ಪ ಬಿಡುತ್ತದೆ. ನಿಂಬೆಯನ್ನು ಹಾಗೇ ಮುಖಕ್ಕೆ ಉಜ್ಜಿ ಬಿಸಿಲಿಗೆ ಹೋಗಬೇಡಿ, ಸುಟ್ಟು ಕಲೆಯಾಗುತ್ತದೆ. ಮಳೆಗಾಲದಲ್ಲಂತೂ ಕ್ಯಾನೂ ಬೇಡ. ಸಾವಿರ ಚದರಡಿ ತಾರಸಿ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಲೆಕ್ಕಕ್ಕೆ 930 ಲೀಟರ್. ಸೋರಿದ್ದು, ಚೆಲ್ಲಿದ್ದು ಕಳೆದರೂ ಎರಡು ಡ್ರಮ್ಮು ತುಂಬುತ್ತದೆ. ನಮ್ಮ ತವರೂರಿನ ನೀರಿನ ಹಾಗೇ ಮೆದುವಾಗಿರುತ್ತದೆ ಅದು. ಮೊದಲ ಸಲ ಆ ನೀರಲ್ಲಿ ತಲೆಗೆ ಹಾಕಿಕೊಂಡ ದಿನ ತವರಿಗೆ ಫೋನ್ ಮಾಡಿದ್ದೆ, ಸುಮ್ನೆ.

ನೀರು ಕುದಿಸಿದರೆ ಸರಿಹೋಗುತ್ತದೆ ಅಂತಾರಲ್ಲ, ಅದು ಅರ್ಧ ಸತ್ಯ. ಬೈಕಾರ್ಬನೇಟ್ ರೂಪದ ಗಡಸುತನ ಮಾತ್ರ ಕುದಿದಾಗ ಪಾತ್ರೆಯ ತಳಕ್ಕೆ ಕೂರುತ್ತದೆ. ಸಲ್ಫೇಟ್, ಕ್ಲೋರೈಡ್ ರೂಪದ್ದು ಹಾಗೇ ಉಳಿಯುತ್ತದೆ.

ಇನ್ನು ಎಣ್ಣೆ. ಸ್ನಾನಕ್ಕೆ ಒಂದೆರಡು ಗಂಟೆ ಮೊದಲು ಕೂದಲಿಗೆ ಕೊಬ್ಬರಿ ಎಣ್ಣೆ ಹಚ್ಚೋದು ನಿಜಕ್ಕೂ ಒಳ್ಳೆಯದು. ಅದು ಎಳೆಯ ಒಳಗೆ ಇಳಿದು, ತೊಳೆಯುವಾಗ ಪ್ರೋಟೀನ್ ಕಳೆದುಹೋಗೋದನ್ನು ತಗ್ಗಿಸುತ್ತದೆ. ಈ ವಿಷಯದಲ್ಲಿ ಅತ್ತೆಗೆ ಪೂರ್ತಿ ಅಂಕ. ಆದರೆ ಎಣ್ಣೆ ಹಚ್ಚಿ ರಾತ್ರಿಯೆಲ್ಲ ಮಲಗಿ, ಅದು ಹಣೆಗೆ ಇಳಿದು, ಸಾಲಾಗಿ ಸಣ್ಣ ಸಣ್ಣ ಗುಳ್ಳೆ ಎದ್ದರೆ ಆ ಮೊಡವೆಗೆ ಎಣ್ಣೆಯೇ ಕಾರಣ. ನನ್ನ ಮೈದುನನ ಹಣೆ ಹಾಗೇ ಇತ್ತು. ಎಣ್ಣೆ ನಿಲ್ಲಿಸಿದ ಒಂದೂವರೆ ತಿಂಗಳಿಗೆ ತಿಳಿಯಾಯಿತು. ಒಂದು ಮೊಡವೆಗೂ ಮದ್ದು ಹಚ್ಚಲಿಲ್ಲ.

ಈಗ ನನ್ನದೇ ಪೆದ್ದುತನ ಹೇಳುತ್ತೇನೆ. ಮಗಳು ಹುಟ್ಟಿದ ಮೇಲೆ ಎರಡೂ ಕೆನ್ನೆಗೆ ಬಂಗು ಬಂತು. ಬಸುರಿನಲ್ಲಿ ಹಾರ್ಮೋನ್ ಏರುಪೇರಾಗಿ ಬರುವ ಕಂದು ಕಲೆ, ಎಷ್ಟೋ ಜನಕ್ಕೆ ಬರುತ್ತದೆ. ಪಕ್ಕದ ಮನೆಯವರು ಹೇಳಿದರು ಅಂತ ಒಂದು ಮೆಡಿಕಲ್ ಸ್ಟೋರಿಗೆ ಹೋಗಿ ಟ್ಯೂಬು ತಂದೆ. ಚೀಟಿ ಕೇಳಲಿಲ್ಲ, ನಾನೂ ತೋರಿಸಲಿಲ್ಲ. ಹತ್ತು ದಿನಕ್ಕೆ ಮುಖ ಹೊಳೆಯಿತು. ಮದುವೆ ಮನೆಯಲ್ಲಿ ಎಲ್ಲರೂ "ಏನ್ ಹಚ್ತೀಯ?" ಅಂತ ಕೇಳಿದರು, ನಾಲ್ಕು ಜನಕ್ಕೆ ನಾನೇ ಹೆಸರು ಬರೆದುಕೊಟ್ಟೆ. ಎರಡು ತಿಂಗಳಾದ ಮೇಲೆ ಒಲೆ ಮುಂದೆ ನಿಂತರೆ ಮುಖ ಮೆಣಸಿನಕಾಯಿ ಸವರಿದ ಹಾಗೆ ಉರಿಯತೊಡಗಿತು. ಕ್ರೀಮ್ ಬಿಟ್ಟರೆ ಗುಳ್ಳೆ, ಹಚ್ಚಿದರೆ ಸಮಾಧಾನ. ಗಲ್ಲದ ಮೇಲೆ ತೆಳ್ಳಗೆ ಕೂದಲೂ ಬಂತು.

ಟ್ಯೂಬಿನಲ್ಲಿದ್ದದ್ದು ಸ್ಟೀರಾಯ್ಡ್. ಅದು ಹೀಗೆ ಕೆಲಸ ಮಾಡುತ್ತದೆ: ಚರ್ಮದ ಸಣ್ಣ ರಕ್ತನಾಳಗಳನ್ನು ಬಿಗಿ ಮಾಡುತ್ತದೆ, ಉರಿಯೂತ ಅಡಗಿಸುತ್ತದೆ, ಬಣ್ಣ ತಯಾರಾಗೋದನ್ನು ತಡೆಯುತ್ತದೆ. ಅದಕ್ಕೇ ಮುಖ ಬೇಗ ಬೆಳ್ಳಗೆ ಕಾಣುತ್ತದೆ. ಹಾಗೇ ಹಚ್ಚುತ್ತಾ ಹೋದರೆ ಚರ್ಮ ತೆಳುವಾಗುತ್ತದೆ, ನಿಲ್ಲಿಸಿದ ದಿನ ಅಡಗಿದ್ದ ನಾಳಗಳೆಲ್ಲ ಒಟ್ಟಿಗೆ ಹಿಗ್ಗಿ ಕೆಂಪಾಗುತ್ತದೆ. ಬಿಡೋದಕ್ಕೇ ಆಗದ ಚಟ ಆಗೋದು ಹೀಗೆ. ಇಂಥ ಹದಿನಾಲ್ಕು ಸ್ಟೀರಾಯ್ಡ್ ಕ್ರೀಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಮಾಡಿದೆ. ಟ್ಯೂಬಿನ ಸಣ್ಣ ಅಕ್ಷರದಲ್ಲಿ ಕ್ಲೋಬೆಟಾಸಾಲ್, ಬೆಟಾಮೆಥಾಸೋನ್, ಮೊಮೆಟಾಸೋನ್, ಫ್ಲುಯೋಸಿನೋಲೋನ್ ಇವುಗಳಲ್ಲಿ ಯಾವುದಾದರೂ ಇದ್ದರೆ ಡಾಕ್ಟರು ಹೇಳದೆ ಮುಖಕ್ಕೆ ಮುಟ್ಟಿಸಬೇಡಿ. ಈಗಾಗಲೇ ತಿಂಗಳುಗಟ್ಟಲೆ ಹಚ್ಚುತ್ತಿದ್ದರೆ ಒಮ್ಮೆಲೇ ಬಿಡದೆ ಚರ್ಮದ ಡಾಕ್ಟರನ್ನು ನೋಡಿ. ನನಗೆ ಸರಿಹೋಗಲು ಏಳೆಂಟು ತಿಂಗಳು ಹಿಡಿಯಿತು. ಹೆಸರು ಬರೆದುಕೊಟ್ಟ ನಾಲ್ಕೂ ಮನೆಗೆ ಹೋಗಿ ಹೇಳಿ ಬಂದೆ, ಅದು ಮಾತ್ರ ಬಹಳ ಕಷ್ಟದ ಕೆಲಸ.

ಬಂಗಿಗೆ ನಿಜವಾಗಿ ಬೇಕಿದ್ದದ್ದು ನೆರಳು. ಡಾಕ್ಟರು ಮೊದಲು ಕೇಳಿದ್ದು "ಬಿಸಿಲಲ್ಲಿ ಎಷ್ಟು ಹೊತ್ತು ಇರ್ತೀರ?" ಅಂತ. ನಮ್ಮೂರು ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿದೆ, ಚಿಕ್ಕಬಳ್ಳಾಪುರ ಇನ್ನೂ ಎತ್ತರ. ಗಾಳಿ ತಂಪು, ಬೆವರಿಲ್ಲ, ಹಾಗಾಗಿ ಬಿಸಿಲೂ ಇಲ್ಲ ಅಂದುಕೊಳ್ಳುತ್ತೇವೆ. ಚರ್ಮವನ್ನು ಸುಡುವ ನೇರಳಾತೀತ ಕಿರಣಕ್ಕೂ ಸೆಕೆಗೂ ಸಂಬಂಧ ಇಲ್ಲ. ಎತ್ತರ ಹೆಚ್ಚಿದಂತೆ ಅದೂ ಹೆಚ್ಚುತ್ತದೆ, ತೆಳುವಾದ ಮೋಡವನ್ನೂ ದಾಟಿ ಬರುತ್ತದೆ. ಡಿಸೆಂಬರ್ ಬೆಳಗ್ಗೆ ಹನ್ನೊಂದಕ್ಕೆ ಸ್ವೆಟರ್ ಹಾಕಿಕೊಂಡು ಸ್ಕೂಟರಿನಲ್ಲಿ ಹೋಗುವಾಗಲೂ ಕೆನ್ನೆ ಕಪ್ಪಾಗುತ್ತಲೇ ಇರುತ್ತದೆ.

ಸನ್‌ಸ್ಕ್ರೀನ್ ಬಾಟಲಿಯ ಅಂಕಿ ಅರ್ಥ ಮಾಡಿಕೊಂಡರೆ ದುಡ್ಡು ಉಳಿಯುತ್ತದೆ. ಎಸ್‌ಪಿಎಫ್ 15 ಅಂದ್ರೆ ಸುಡುವ ಕಿರಣದಲ್ಲಿ ಸುಮಾರು 93 ಶೇಕಡಾ ತಡೆಯುತ್ತದೆ, 30 ಆದರೆ 97, 50 ಆದರೆ 98. ಮೂವತ್ತರಿಂದ ಐವತ್ತಕ್ಕೆ ಹೋದರೆ ಸಿಗೋದು ಒಂದೇ ಶೇಕಡಾ. ಕಪ್ಪು ಮಾಡುವ ಇನ್ನೊಂದು ಬಗೆಯ ಕಿರಣಕ್ಕೆ 'ಪಿಎ' ಮುಂದಿನ ಕೂಡಿಸುವ ಚಿಹ್ನೆ ನೋಡಬೇಕು, ಮೂರಿದ್ದರೆ ಸಾಕು. ಎಲ್ಲರೂ ತಪ್ಪೋದು ಅಳತೆಯಲ್ಲಿ. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಗೆರೆ ಎಳೆದಷ್ಟು ಕ್ರೀಮ್ ಮುಖ, ಕುತ್ತಿಗೆಗೆ ಬೇಕು. ಕಡಲೆಕಾಳಿನಷ್ಟು ಹಚ್ಚಿದರೆ ಬಾಟಲಿ ಮೇಲಿನ ಅಂಕಿ ಸುಳ್ಳಾಗುತ್ತದೆ. ಟೊಮೆಟೊ ಬಿಡಿಸೋದಕ್ಕೆ ಬೆಳಗ್ಗಿನಿಂದ ತೋಟದಲ್ಲಿ ಬಗ್ಗಿರುವವರಿಗೆ ಎರಡು ಗಂಟೆಗೊಮ್ಮೆ ಇದನ್ನೆಲ್ಲ ಹಚ್ಚಿ ಅನ್ನೋದು ಹಾಸ್ಯ. ಅವರು ತಲೆಗೆ ಟವಲ್ ಸುತ್ತಿ, ಸೀರೆ ಮೇಲೆ ಗಂಡನ ಹಳೇ ತುಂಬುತೋಳಿನ ಶರ್ಟು ಹಾಕಿಕೊಳ್ಳುತ್ತಾರಲ್ಲ, ಅದು ಯಾವ ಕ್ರೀಮಿಗೂ ಕಮ್ಮಿ ಇಲ್ಲ.

ಬಣ್ಣದ ವಿಷಯ ಬಂದಿದ್ದಕ್ಕೆ ಒಂದು ಮಾತು. ಬಣ್ಣ ತಯಾರಿಸುವ ಜೀವಕೋಶಗಳು ಕಪ್ಪು ಮೈಯವರಿಗೂ ಬಿಳಿ ಮೈಯವರಿಗೂ ಹತ್ತಿರ ಹತ್ತಿರ ಒಂದೇ ಸಂಖ್ಯೆಯಲ್ಲಿರುತ್ತವೆ. ಅವು ಎಷ್ಟು ಕೆಲಸ ಮಾಡುತ್ತವೆ ಅನ್ನೋದು ಹುಟ್ಟಿನಿಂದ ಬಂದದ್ದು. ಬಿಸಿಲಿಗೆ ಕಪ್ಪಾದದ್ದನ್ನು ತಡೆಯಬಹುದು, ಹುಟ್ಟುಬಣ್ಣ ಬದಲಾಯಿಸುತ್ತೇನೆ ಅನ್ನುವ ಟ್ಯೂಬು ಕಂಡರೆ ನಾನೀಗ ಸಣ್ಣ ಅಕ್ಷರ ಓದುತ್ತೇನೆ.

ಮೈದುನ ಅಂದೆನಲ್ಲ, ಅವನು ನರಸಾಪುರದ ಕಡೆ ಫ್ಯಾಕ್ಟರಿಯಲ್ಲಿ ನೈಟ್ ಶಿಫ್ಟು. ಹೆಣ್ಣು ನೋಡೋಕೆ ಹೋಗೋ ಮುಂಚೆ "ಅತ್ತಿಗೆ, ಈ ಕುತ್ತಿಗೆ ಕಪ್ಪಿಗೆ ಏನಾದ್ರೂ ಹೇಳಿ" ಅಂದ. ಕಡ್ಲೆಹಿಟ್ಟು, ನಿಂಬೆ, ಕೊನೆಗೆ ಹಿಮ್ಮಡಿ ಉಜ್ಜೋ ಕಲ್ಲು, ಎಲ್ಲ ಆಗಿತ್ತು. ಉಜ್ಜಿ ಉಜ್ಜಿ ಸಿಪ್ಪೆ ಎದ್ದಿತ್ತೇ ಹೊರತು ಕಪ್ಪು ಹಾಗೇ ಇತ್ತು. ಮುಟ್ಟಿದರೆ ಮಖಮಲ್ಲಿನ ಹಾಗೆ ದಪ್ಪ, ಮಡಿಕೆ ಮಡಿಕೆ. ಕಂಕುಳಲ್ಲೂ ಅದೇ.

ಅದು ಕೊಳೆ ಅಲ್ಲ. ದೇಹ ಇನ್ಸುಲಿನ್ ಮಾತು ಕೇಳದೆ ಹೋದಾಗ ರಕ್ತದಲ್ಲಿ ಇನ್ಸುಲಿನ್ ಜಾಸ್ತಿಯಾಗುತ್ತದೆ. ಆ ಹೆಚ್ಚಾದ ಇನ್ಸುಲಿನ್ ಚರ್ಮದ ಕೋಶಗಳಿಗೆ ಬೆಳೆಯಿರಿ ಅನ್ನುತ್ತದೆ. ಮಡಿಕೆ ಬೀಳುವ ಜಾಗದಲ್ಲಿ ಚರ್ಮ ದಪ್ಪವಾಗಿ ಕಪ್ಪಾಗುತ್ತದೆ. ಸಕ್ಕರೆ ಕಾಯಿಲೆ ಬಾಗಿಲಲ್ಲಿ ನಿಂತು ಚಿಲಕ ಬಡಿಯೋದು ಅಂತ ತಿಳಿಯಿರಿ. ಅವನನ್ನು ಬ್ಯೂಟಿ ಪಾರ್ಲರಿಗೆ ಕಳಿಸೋ ಬದಲು ಲ್ಯಾಬಿಗೆ ಕಳಿಸಿದೆವು. ಎಚ್‌ಬಿಎ1ಸಿ, ಅಂದ್ರೆ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತಪರೀಕ್ಷೆ, 6.1 ಬಂತು. 5.7 ಮುಟ್ಟಿದರೆ ಸಕ್ಕರೆ ಕಾಯಿಲೆಯ ಮುಂಚಿನ ಹಂತ, 6.5 ಆದರೆ ಕಾಯಿಲೆಯೇ.

"ನಾನು ದಿನಾ ಮುದ್ದೆ ತಿಂತೀನಲ್ಲ" ಅನ್ನೋದು ಅವನ ವಾದ. ಮುದ್ದೆ ಸರಿ, ಆದರೆ ರಾತ್ರಿ ಹನ್ನೊಂದರಿಂದ ಬೆಳಗ್ಗೆ ಆರರವರೆಗೆ ಐದು ಸಿಹಿ ಟೀ, ಎರಡು ಪಫ್ಸ್, ಒಂದು ಕೂಲ್‌ಡ್ರಿಂಕ್ಸ್ ಲೆಕ್ಕಕ್ಕೆ ಬಂದಿರಲಿಲ್ಲ. ಟೀಗೆ ಸಕ್ಕರೆ ಬಿಟ್ಟ. ಬೆಳಗ್ಗೆ ಬಂದು ಮಲಗುವ ಕೋಣೆಯ ಕಿಟಕಿಗೆ ದಪ್ಪ ಬೆಡ್‌ಶೀಟ್ ಕಟ್ಟಿದೆವು, ನಾಲ್ಕು ಗಂಟೆ ನಿದ್ದೆ ಏಳಾಯಿತು. ರಜೆಯ ದಿನ ಅಂತರಗಂಗೆ ಬೆಟ್ಟದ ಮೆಟ್ಟಿಲು ಹತ್ತುತ್ತಾನೆ. ಆರು ತಿಂಗಳಲ್ಲಿ ಏಳು ಕೆಜಿ ಇಳಿದ. ಕುತ್ತಿಗೆ ಅರ್ಧ ತಿಳಿಯಾಗಿದೆ, ಗದ್ದ ಎಲ್ಲಿದೆ ಅಂತ ಗೊತ್ತಾಗುತ್ತದೆ. ಗದ್ದದ ಕೆಳಗೆ ಶೇವ್ ಮಾಡಿದಾಗ ಏಳುತ್ತಿದ್ದ ಗುಳ್ಳೆಗೆ ಕ್ಷೌರದಂಗಡಿಯವರೇ ದಾರಿ ತೋರಿಸಿದರು: ಸ್ನಾನ ಆದ ಮೇಲೆ ಕೂದಲು ಮೆತ್ತಗಿರುವಾಗ ಶೇವ್ ಮಾಡು, ಬೆಳೆದ ದಿಕ್ಕಿಗೇ ಎಳಿ, ಎರಡನೇ ಸಲ ಎದುರು ದಿಕ್ಕಿಗೆ ಎಳೀಬೇಡ. ಗುಂಗುರು ಕೂದಲನ್ನು ತೀರಾ ಬುಡಕ್ಕೆ ಕತ್ತರಿಸಿದರೆ ಅದರ ಚೂಪು ತುದಿ ಒಳಗೇ ತಿರುಗಿ ಚುಚ್ಚುತ್ತದೆ.

ನಮ್ಮ ಮನೆಯವರ ಕಥೆ ಹಲ್ಲಿನದು. ಮದುವೆ ಆಲ್ಬಮ್ಮಿನಲ್ಲಿ ಅವರು ನಕ್ಕ ಒಂದು ಫೋಟೋನೂ ಇಲ್ಲ. ನಗು ಬಂದರೆ ಕೈ ಬಾಯಿಗೆ ಹೋಗುತ್ತದೆ. ಏಳು ವರ್ಷದವರೆಗೆ ಅವರು ಬೆಳೆದದ್ದು ಬಾಗೇಪಲ್ಲಿ ಹತ್ತಿರ ಅಜ್ಜಿ ಮನೆಯಲ್ಲಿ, ಕೈಬೋರಿನ ನೀರು ಕುಡಿದು. ಮುಂದಿನ ನಾಲ್ಕು ಹಲ್ಲಿಗೂ ಅಡ್ಡಡ್ಡ ಕಂದು ಗೆರೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪಾವಗಡ ಸೀಮೆಯಲ್ಲಿ ಇಂಥ ಹಲ್ಲು ಎಷ್ಟು ಸಾಮಾನ್ಯ ಅಂದ್ರೆ, ಕೆಲವು ಹಳ್ಳಿಗಳಲ್ಲಿ ಅದನ್ನು ಯಾರೂ ಕಾಯಿಲೆ ಅಂತ ಅಂದುಕೊಳ್ಳೋದೇ ಇಲ್ಲ.

ಕಾರಣ ನೀರಿನ ಫ್ಲೋರೈಡ್. ಲೀಟರಿಗೆ 1 ಮಿಲಿಗ್ರಾಂವರೆಗೆ ಸರಿ, 1.5 ಕಡೇ ಮಿತಿ. ದವಡೆಯೊಳಗೆ ಹಲ್ಲಿನ ಮೇಲ್ಕವಚ ತಯಾರಾಗುವ ವಯಸ್ಸಿನಲ್ಲಿ, ಅಂದ್ರೆ ಎಂಟು ವರ್ಷದೊಳಗೆ, ಅದಕ್ಕಿಂತ ಜಾಸ್ತಿ ಹೊಟ್ಟೆಗೆ ಹೋದರೆ ಕವಚ ಗಟ್ಟಿಯಾಗಿ ಕೂರೋದಿಲ್ಲ. ಕಲೆ ಹಲ್ಲಿನ ಒಳಗೇ ಇರುತ್ತದೆ. ಹಾಗಾಗಿ ಇಟ್ಟಿಗೆ ಪುಡಿ, ಇದ್ದಿಲು, ಉಪ್ಪು ಹಾಕಿ ಎಷ್ಟು ತಿಕ್ಕಿದರೂ ಹೋಗೋದು ಕಲೆಯಲ್ಲ, ಹಲ್ಲು. ಕುದಿಸಿದರೆ ಫ್ಲೋರೈಡ್ ಹೋಗೋದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಆರ್‌ಒ ನೀರು ಅಥವಾ ಮಳೆ ನೀರೇ ದಾರಿ. ದೊಡ್ಡವರಾದ ಮೇಲೆ ಹಲ್ಲಿನ ಡಾಕ್ಟರು ಮಾಡಬಹುದಾದದ್ದು ಇದೆ. ತೆಳು ಕಲೆಯಾದರೆ ಮೇಲ್ಪದರವನ್ನು ಕೂದಲೆಳೆಯಷ್ಟು ಉಜ್ಜಿ ತೆಗೆಯುತ್ತಾರೆ. ಗಾಢವಾಗಿದ್ದರೆ ಹಲ್ಲಿನ ಬಣ್ಣದ ಕಾಂಪೋಸಿಟ್ ಲೇಪನ. ನಮ್ಮವರು ಹೋದ ವರ್ಷ ಎರಡು ಹಲ್ಲಿಗೆ ಮಾಡಿಸಿದರು. ಕೈ ಬಾಯಿಗೆ ಹೋಗೋ ಅಭ್ಯಾಸ ಮಾತ್ರ ಇನ್ನೂ ಪೂರ್ತಿ ಬಿಟ್ಟಿಲ್ಲ. ಮಗಳಿಗೆ ಈಗ ಐದು. ಶಾಲೆಗೆ ಬಾಟಲಿ ತುಂಬೋದು ಕ್ಯಾನಿನಿಂದ, ನಲ್ಲಿಯಿಂದಲ್ಲ.

ಬಟ್ಟೆಯ ಬಗ್ಗೆ ಜಾಸ್ತಿ ಹೇಳೋದಿಲ್ಲ, ಒಂದು ಅಳತೆ ಸಾಕು. ಶರ್ಟಿನ ಭುಜದ ಹೊಲಿಗೆ ನಿಮ್ಮ ಭುಜದ ಮೂಳೆ ಮುಗಿಯುವ ಕಡೆಯೇ ಕೂರಬೇಕು. ಹೊಟ್ಟೆ ಸಡಿಲ ಇದ್ದರೆ, ತೋಳು ಉದ್ದ ಇದ್ದರೆ ಟೈಲರು ಸರಿ ಮಾಡುತ್ತಾರೆ, ಭುಜ ಜಾರಿದರೆ ಮಾಡೋದು ಕಷ್ಟ. ಡೂಮ್‌ಲೈಟ್ ಸರ್ಕಲ್ ಕಡೆಯ ಟೈಲರೊಬ್ಬರು ಮೈದುನನ ಮೂರು ಹಳೇ ಶರ್ಟುಗಳನ್ನು ಬದಿಯಲ್ಲಿ ಹಿಡಿದುಕೊಟ್ಟರು. ಹೊಸದು ತಂದದ್ದು ಯಾವಾಗ ಅಂತ ಅತ್ತೆ ಜಗಳಕ್ಕೆ ಬಂದರು.

ಮತ್ತೆ ಬಿಳಿ ಬಟ್ಟೆ. ಮಾವನವರ ಪಂಚೆ ವರ್ಷದೊಳಗೆ ಬೂದಾಗುತ್ತಿತ್ತು. ಎಷ್ಟು ಒಗೆದರೂ ಹಾಗೇ, ನೀಲಿ ಹಾಕಿದರೆ ನೀಲಿ ಬೂದು. ಬಾರ್ ಸೋಪು ತಿಕ್ಕಿ ಬೋರ್ ನೀರಲ್ಲಿ ಜಾಲಿಸಿದರೆ ಬಾಟಲಿಯಲ್ಲಿ ನೋಡಿದೆವಲ್ಲ ಆ ಬೂದು ಕೆನೆ, ಅದೇ ನೂಲಿನೊಳಗೆ ಕೂರುತ್ತದೆ. ಬಾರ್ ಬಿಟ್ಟು ಡಿಟರ್ಜೆಂಟ್ ಪುಡಿಗೆ ಬಂದೆವು. ಕೊನೆಯ ಜಾಲಿಸುವ ಬಕೆಟ್ಟಿಗೆ ಅರ್ಧ ಲೋಟ ಬಿಳಿ ವಿನೆಗರ್ ಹಾಕುತ್ತೇನೆ. ಮೊದಲ ಸಲ ಹಾಕಿದಾಗ ಅತ್ತೆ ಮೂಗು ಮುಚ್ಚಿಕೊಂಡು ಬಚ್ಚಲಿಗೆ ಬಂದರು. "ಉಪ್ಪಿನಕಾಯಿ ಹಾಕ್ತಿದ್ದೀಯೇನಮ್ಮ ಪಂಚೆಗೆ?" ಸಂಜೆ ಒಣಗಿದ ಪಂಚೆಯನ್ನು ತಾವೇ ಮಡಿಚಿ, ಎರಡು ಸಲ ಮೂಸಿ ನೋಡಿ, ಬೀರುವಿನ ಮೇಲಿನ ಅರೆಯಲ್ಲಿ ಇಟ್ಟರು. ಹಬ್ಬಕ್ಕೆ ಉಡೋ ಪಂಚೆ ಇಡುವ ಜಾಗ ಅದು.